ದೈತ್ಯಪ್ರಾಣಿಗಳ ಹೊಟ್ಟೆಗೆ ಏನು ಹಾಕುತ್ತೀರಿ? ಹಸ್ತಪ್ರತಿಯೊಂದಕ್ಕೆ ಸಂಪಾದಕರ ಉತ್ತರ

ಧಾರವಾಡ

ಪ್ರಿಯ ಲೇಖಕರಿಗೆ ನಮಸ್ಕಾರಗಳು.

ರಾಣೆಬೆನ್ನೂರಿನಿಂದ ನೀವು ಕಳಿಸಿದ ‘ಕರಿಮಾಳ’ ಕಾದಂಬರಿಯ ಹಸ್ತಪ್ರತಿಯನ್ನು ಕೊನೆಯ ಪುಟದವರೆಗೂ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ನಿಮ್ಮ ಭಾಷೆಯಲ್ಲಿ ಕೊರತೆಯಿಲ್ಲ; ಮಳೆಗೆ ಮುಂಚೆ ಬಾಯಿಬಿಟ್ಟ ಎರೆಹೊಲದ ವರ್ಣನೆಯನ್ನು ಮತ್ತೆ ತಿರುವಿ ಓದಿದೆ. ಕೊರತೆಯಿರುವುದು ಆ ನೆಲದ ಮೇಲೆ ನೀವು ಬಿಟ್ಟಿರುವ ಪ್ರಾಣಿಗಳಲ್ಲಿ. ಮೂರಾಳೆತ್ತರದ ಭೀಮಕೋಡು, ಹುಲಿಯ ಆರು ಪಟ್ಟು ತೂಕದ ಬೆಟ್ಟಹುಲಿ, ಎತ್ತಿನ ಗಾತ್ರದ ಇರುವೆ, ಹೀಗೆ ದೊಡ್ಡವೇ ಸಾಲುಗಟ್ಟಿ ಬರುತ್ತವೆ. ಅವುಗಳನ್ನು ಹೊತ್ತು ಸಾಕಬೇಕಾದ ಸಣ್ಣ ಜೀವಗಳು ಕಾಣುವುದೇ ಇಲ್ಲ.

ಕರಿಮಾಳದಲ್ಲಿ ಇನ್ನೂರು ಬೆಟ್ಟಹುಲಿಗಳಿವೆ ಎಂದು ಮೊದಲ ಅಧ್ಯಾಯದಲ್ಲಿಯೇ ಬರೆದಿದ್ದೀರಿ. ಇಡೀ ಕಾದಂಬರಿಯಲ್ಲಿ ಅವುಗಳಿಗೆ ಆಹಾರವಾಗಬಲ್ಲ ಒಂದೇ ಒಂದು ಜಿಂಕೆಯ ಹಿಂಡು ಬರುತ್ತದೆ, ಅದೂ ಚನ್ನವ್ವ ನೀರಿಗೆ ಹೋದಾಗ ಒಮ್ಮೆ ಮಾತ್ರ. ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನ ನಡೆಸಿದ ಉಲ್ಲಾಸ ಕಾರಂತರ ಲೆಕ್ಕದ ಪ್ರಕಾರ ಒಂದು ಹುಲಿಗೆ ವರ್ಷಕ್ಕೆ ಜಿಂಕೆಯ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು. ಹುಲಿಗಳು ವರ್ಷಕ್ಕೆ ಬೇಟೆಪ್ರಾಣಿಗಳ ಹತ್ತರಲ್ಲೊಂದು ಪಾಲನ್ನಷ್ಟೇ ತಿನ್ನುವುದರಿಂದ, ಒಂದು ಹುಲಿ ಬಾಳಬೇಕಾದರೆ ಆ ಕಾಡಿನಲ್ಲಿ ಸುಮಾರು 500 ಪ್ರಾಣಿಗಳು ಸದಾ ಇರಬೇಕಾಗುತ್ತದೆ. ತೂಕ ಆರು ಪಟ್ಟಾದರೆ ಹಸಿವು ಆರು ಪಟ್ಟಾಗುವುದಿಲ್ಲ. 1932ರಲ್ಲಿ ಜೀವವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ ತೋರಿಸಿಕೊಟ್ಟ ನಿಯಮವನ್ನು ಅನ್ವಯಿಸಿದರೆ ಅದು ನಾಲ್ಕು ಪಟ್ಟಿಗೆ ಸ್ವಲ್ಪ ಕಡಿಮೆಯಾಗುತ್ತದೆ, ಮತ್ತು ಈ ರಿಯಾಯಿತಿಯನ್ನು ನೀವು ಧಾರಾಳವಾಗಿ ಬಳಸಿಕೊಳ್ಳಬಹುದು. ಆದರೂ ನಿಮ್ಮ ಇನ್ನೂರು ಬೆಟ್ಟಹುಲಿಗಳಿಗೆ ನಾಲ್ಕು ಲಕ್ಷದಷ್ಟು ಜಿಂಕೆಗಳು ಬೇಕು. ನಿಮ್ಮ ಊರಿನ ಕೃಷ್ಣಮೃಗ ಅಭಯಾರಣ್ಯದ ವಿಸ್ತೀರ್ಣ ಸುಮಾರು 119 ಚದರ ಕಿಲೋಮೀಟರ್; ಅಲ್ಲಿ ಚಿಗರಿಗಳು ಎಷ್ಟು ಜಾಗಕ್ಕೆ ಎಷ್ಟು ಕಾಣುತ್ತವೆ ಎಂಬುದನ್ನು ಬಲ್ಲ ನಿಮಗೆ ನಾಲ್ಕು ಲಕ್ಷಕ್ಕೆ ಎಷ್ಟು ಹುಲ್ಲುಗಾವಲು ಬೇಕೆಂದು ನಾನು ವಿವರಿಸಬೇಕಾಗಿಲ್ಲ. ಇನ್ನೂರನ್ನು ಹನ್ನೆರಡಕ್ಕೆ ಇಳಿಸಿ. ಆಗ ಬೆಟ್ಟಹುಲಿಯೊಂದು ಎದುರಾಗುವುದೇ ಒಂದು ಘಟನೆಯಾಗುತ್ತದೆ. ಈಗ ಅದು ಪುಟಪುಟಕ್ಕೂ ಬಂದು ತನ್ನ ಭಯವನ್ನೇ ಕಳೆದುಕೊಂಡಿದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನಾಲ್ಕನೆಯ ಅಧ್ಯಾಯ. ಭೀಮಕೋಡೊಂದು ಹಳ್ಳದ ದಂಡೆಯಲ್ಲಿ ಸಾಯುತ್ತದೆ. ಆರು ದಿನಗಳ ನಂತರ ಚನ್ನವ್ವ ಅದೇ ದಂಡೆಯಲ್ಲಿ ಕುಳಿತು ರೊಟ್ಟಿಯ ಗಂಟು ಬಿಚ್ಚುತ್ತಾಳೆ. ಹುಲ್ಲು ಹಸಿರಾಗಿದೆ, ಗಾಳಿ ತಂಪಾಗಿದೆ. ನಾಲ್ಕು ಆನೆಗಳ ತೂಕದ ಆ ಹೆಣ ಎಲ್ಲಿ ಹೋಯಿತು? ಪ್ರಾಣ ಹೋದ ಸ್ವಲ್ಪ ಹೊತ್ತಿನಲ್ಲಿಯೇ ನೊಣಗಳು ಬಂದು ಕಣ್ಣಿನ ಮೂಲೆಯಲ್ಲಿ, ಮೂಗಿನ ಹೊರಳೆಯಲ್ಲಿ, ಗಾಯದ ಅಂಚಿನಲ್ಲಿ ತತ್ತಿಯಿಡುತ್ತವೆ. ಒಂದೆರಡು ದಿನಗಳಲ್ಲಿ ಆ ಜಾಗವೆಲ್ಲ ಹುಳುಗಳಿಂದ ಮಿಜಿಗುಡುತ್ತದೆ. ದಪ್ಪ ಚರ್ಮವನ್ನು ಹರಿಯಲಾರದ ಹದ್ದುಗಳು ಕತ್ತೆಕಿರುಬವೋ ತೋಳವೋ ಬಂದು ಹೊಟ್ಟೆ ಸೀಳುವವರೆಗೆ ಕಾಯುತ್ತವೆ. ಮಾಂಸ ಮುಗಿದ ಮೇಲೆ ಒಣಗಿದ ಚರ್ಮವನ್ನು ಕೊರೆಯುವ ದುಂಬಿಗಳ ಸರದಿ. ಇವು ಇಲ್ಲದ ನಾಡು ಹೇಗಿರುತ್ತದೆಂದು ನಮ್ಮ ದೇಶವೇ ಕಂಡಿದೆ: 1990ರ ದಶಕದಲ್ಲಿ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯ ಅಂಶವುಳ್ಳ ಹೆಣಗಳನ್ನು ತಿಂದು ರಣಹದ್ದುಗಳು ಗುಂಪುಗುಂಪಾಗಿ ಸತ್ತವು, ಊರ ಹೊರಗೆ ಹೆಣಗಳು ಕೊಳೆತವು, ಬೀದಿನಾಯಿಗಳು ಹೆಚ್ಚಿದವು. 2006ರಲ್ಲಿ ಆ ಔಷಧಿಯನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಲಾಯಿತು. ಒಂದು ಪಕ್ಷಿ ಇಲ್ಲವಾದದ್ದರ ಪರಿಣಾಮ ಇಷ್ಟಿರುವಾಗ, ನೊಣ, ಹುಳು, ಹದ್ದು ಒಂದೂ ಇಲ್ಲದ ಹಳ್ಳದ ದಂಡೆಯಲ್ಲಿ ಚನ್ನವ್ವ ರೊಟ್ಟಿ ತಿನ್ನುವುದನ್ನು ನಾನು ಹೇಗೆ ನಂಬಲಿ? ಅವಳು ಮೂಗಿಗೆ ಸೆರಗು ಹಿಡಿದು ದೂರದ ದಾರಿ ಹಿಡಿಯಲಿ. ಆ ಬಳಸುದಾರಿಯಲ್ಲಿಯೇ ಅವಳಿಗೆ ಕಳ್ಳರು ಸಿಕ್ಕರೆ, ಐದನೆಯ ಅಧ್ಯಾಯದಲ್ಲಿ ಕಾರಣವಿಲ್ಲದೆ ನಡೆಯುವ ಆ ಭೇಟಿಗೂ ಒಂದು ಕಾರಣ ದೊರೆಯುತ್ತದೆ.

ಹೆಣದಂತೆಯೇ ಲದ್ದಿಯ ಪ್ರಶ್ನೆಯೂ ಇದೆ. ಬ್ರಿಟಿಷರು 1788ರಲ್ಲಿ ಆಸ್ಟ್ರೇಲಿಯಾಕ್ಕೆ ದನಗಳನ್ನು ಒಯ್ದರು. ಅಲ್ಲಿನ ಸಗಣಿಹುಳುಗಳು ಕಾಂಗರೂಗಳ ಒಣ ಹಿಕ್ಕೆಗೆ ಒಗ್ಗಿದವುಗಳಾಗಿದ್ದವು. ದನಗಳು ಹೆಚ್ಚಿದಂತೆ ಸಗಣಿ ಹೊಲದಲ್ಲಿಯೇ ಒಣಗಿ ಹುಲ್ಲನ್ನು ಮುಚ್ಚಿತು, ನೊಣಗಳ ಕಾಟ ಹೆಚ್ಚಿತು, ಕೊನೆಗೆ 1960ರ ದಶಕದಲ್ಲಿ ವಿಜ್ಞಾನಿಗಳು ಹೊರದೇಶಗಳಿಂದ ಸಗಣಿಹುಳುಗಳನ್ನು ತಂದು ಬಿಡಬೇಕಾಯಿತು. ನಿಮ್ಮ ಭೀಮಕೋಡು ಎಲ್ಲಿಂದಲೋ ವಲಸೆ ಬಂದ ಪ್ರಾಣಿ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಅದರ ಲದ್ದಿಯನ್ನು ಮಣ್ಣಿಗೆ ಸೇರಿಸುವ ಹುಳು ಕರಿಮಾಳದಲ್ಲಿ ಇರಲಿಲ್ಲ, ರೈತರ ಹುಲ್ಲು ಹಾಳಾಯಿತು ಎಂದು ಬರೆದರೆ ಊರವರಿಗೂ ಭೀಮಕೋಡಿಗೂ ಇರುವ ಹಗೆತನಕ್ಕೆ ಗಟ್ಟಿಯಾದ ಬುಡ ಸಿಗುತ್ತದೆ. ಈಗಿರುವ ಶಾಪದ ಕಥೆಗಿಂತ ಇದು ಮೇಲು ಎಂಬುದು ನನ್ನ ಅಭಿಪ್ರಾಯ.

ಸುಗ್ಗಿಗೊಮ್ಮೆ ನೂರು ಭೀಮಕೋಡುಗಳ ಬಲಿ ನಡೆಯುತ್ತದೆ, ಒಟ್ಟು ಹಿಂಡು ಮುನ್ನೂರು ಎನ್ನುತ್ತೀರಿ. ಆನೆಯ ಗರ್ಭ 22 ತಿಂಗಳು; ಒಂದು ಮರಿಗೂ ಮುಂದಿನ ಮರಿಗೂ ನಡುವೆ ನಾಲ್ಕೈದು ವರ್ಷಗಳ ಅಂತರ. ಅದಕ್ಕಿಂತ ದೊಡ್ಡ ಪ್ರಾಣಿ ಇನ್ನೂ ನಿಧಾನವಾಗಿಯೇ ಈಯಬೇಕು. ಮುನ್ನೂರರಲ್ಲಿ ನೂರು ಈಯುವ ಹೆಣ್ಣುಗಳಿದ್ದರೆ ವರ್ಷಕ್ಕೆ ಹುಟ್ಟುವುದು ಹೆಚ್ಚೆಂದರೆ ಇಪ್ಪತ್ತೈದು ಮರಿಗಳು, ಅಂದರೆ ನಾಲ್ಕನೆಯ ಸುಗ್ಗಿಗೆ ಬಲಿಕೊಡಲು ಸಾಕಷ್ಟು ಪ್ರಾಣಿಗಳೇ ಉಳಿದಿರುವುದಿಲ್ಲ. ವರ್ಷಕ್ಕೊಂದು ಬಲಿ ಸಾಕು.

ಎತ್ತಿನ ಗಾತ್ರದ ಇರುವೆಯನ್ನು ಕೈಬಿಡಿ. ಮೈ ಎಲ್ಲ ದಿಕ್ಕಿಗೂ ಇಮ್ಮಡಿಯಾದರೆ ತೂಕ ಎಂಟು ಪಟ್ಟಾಗುತ್ತದೆ, ಕಾಲಿನ ಬಲ ನಾಲ್ಕೇ ಪಟ್ಟಾಗುತ್ತದೆ. ಶ್ವಾಸಕೋಶವಿಲ್ಲದೆ ಸಣ್ಣ ಕೊಳವೆಗಳ ಮೂಲಕ ಉಸಿರಾಡುವ ಕೀಟಕ್ಕೆ ಆ ಗಾತ್ರದಲ್ಲಿ ಗಾಳಿಯೂ ಸಾಲದು. ಬದಲಿಗೆ ಸಾಧಾರಣ ಗಾತ್ರದ ಇರುವೆಗಳನ್ನೇ ಅಸಂಖ್ಯವಾಗಿ ತನ್ನಿ.

ಇಷ್ಟೆಲ್ಲ ಹೇಳಿದ್ದಕ್ಕೆ ಪ್ರತಿ ಅಧ್ಯಾಯಕ್ಕೂ ಕೀಟಗಳ ಪಟ್ಟಿಯನ್ನು ತುಂಬಬೇಡಿ. ಲೆಕ್ಕವೆಲ್ಲ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿರಲಿ, ಓದುಗನಿಗೆ ಒಂದೆರಡು ಕೊಂಡಿಗಳು ಕಂಡರೆ ಸಾಕು. ನಮ್ಮ ಎರೆಸೀಮೆಯ ಎರೆಭೂತ ಹಕ್ಕಿಯನ್ನು ನೆನೆಯಿರಿ: ಗಂಡುಹಕ್ಕಿ ಹದಿನೈದು ಕಿಲೋವರೆಗೂ ತೂಗುತ್ತದೆ, ಆದರೂ ಅದರ ಆಹಾರದಲ್ಲಿ ದೊಡ್ಡ ಪಾಲು ಮಿಡತೆ ಮತ್ತು ದುಂಬಿಗಳದು. ಅಂಥ ಹಕ್ಕಿಯೊಂದು ಹೊಲದ ಬದುವಿನಲ್ಲಿ ತಲೆತಗ್ಗಿಸಿ ಮಿಡತೆ ಹೆಕ್ಕುವ ನಾಲ್ಕು ಸಾಲುಗಳು, ಆ ನೆಲದಲ್ಲಿ ಹುಲ್ಲಿದೆ, ಹುಳುವಿದೆ, ಮಳೆಯಾಗಿದೆ ಎಂಬುದನ್ನೆಲ್ಲ ಒಟ್ಟಿಗೆ ತಿಳಿಸುತ್ತವೆ. ಮೊದಲ ಮಳೆಯ ಸಂಜೆ ಹುತ್ತದಿಂದೇಳುವ ರೆಕ್ಕೆಯ ಒರಲಿಗಳನ್ನು ನೀವು ಬಾಲ್ಯದಿಂದ ಕಂಡಿದ್ದೀರಿ, ಆದರೆ ಹಸ್ತಪ್ರತಿಯಲ್ಲಿ ಅವಕ್ಕೆ ಒಂದು ವಾಕ್ಯವೂ ಇಲ್ಲ.

ಬೇಸಿಗೆಯಲ್ಲಿ ಹುಲ್ಲು ಸುಟ್ಟುಹೋದಾಗ ಭೀಮಕೋಡುಗಳು ಏನು ತಿನ್ನುತ್ತವೆ ಎಂಬುದನ್ನೂ ನಿರ್ಧರಿಸಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯದಾಚೆಯ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ಬಂದು ಮರಳುವಂತೆ, ಅವೂ ಋತುವಿಗೆ ತಕ್ಕಂತೆ ಬಂದು ಹೋಗಬಹುದು.

ಇಡೀ ಕಾದಂಬರಿಯನ್ನು ಈಗಲೇ ತಿದ್ದಬೇಡಿ. ಒಂದು, ನಾಲ್ಕು ಮತ್ತು ಐದನೆಯ ಅಧ್ಯಾಯಗಳನ್ನು ಮಾತ್ರ ಹೊಸದಾಗಿ ಬರೆದು, ಕರಿಮಾಳದಲ್ಲಿ ಯಾವುದು ಯಾವುದನ್ನು ತಿನ್ನುತ್ತದೆ ಎಂಬ ಒಂದು ಪುಟದ ಟಿಪ್ಪಣಿಯೊಂದಿಗೆ ನನ್ನ ಹೆಸರಿಗೇ ಕಳಿಸಿ. ನಾನೇ ಓದುತ್ತೇನೆ.

ಇಂತಿ,
ಸಂಪಾದಕ