ಒಂದೇ ಯಂತ್ರ, ಮೂರು ಟಾಮ್‌ಕ್ಯಾಟ್

ಪ್ರಶ್ನೆ: ನಮ್ಮ ಕಾಲೇಜಿನಲ್ಲಿರುವುದು ಒಂದೇ ಲಿನಕ್ಸ್ ಸರ್ವರ್. ಅದರಲ್ಲಿ ಶುಲ್ಕ ಪಾವತಿಯ ತಂತ್ರಾಂಶವು, ಜಾವಾ ವೆಬ್ ತಂತ್ರಾಂಶಗಳನ್ನು ನಡೆಸುವ ಟಾಮ್‌ಕ್ಯಾಟ್ ಮೇಲೆ ನಡೆಯುತ್ತಿದೆ. ಗ್ರಂಥಾಲಯದ ತಂತ್ರಾಂಶಕ್ಕೆಂದು ಆ ಫೋಲ್ಡರನ್ನು ಪೂರ್ತಿ ನಕಲು ಮಾಡಿ, 8080 ಎಂದಿದ್ದಲ್ಲಿ 8081 ಎಂದು ತಿದ್ದಿದೆ. ಹೊಸದು ಶುರುವಾಗುತ್ತದೆ, ಕೆಲವೇ ಕ್ಷಣಗಳಲ್ಲಿ ತಾನಾಗಿ ನಿಲ್ಲುತ್ತದೆ. ಅದನ್ನು ಸರಿಯಾಗಿ ನಿಲ್ಲಿಸಿ ಮತ್ತೆ ಶುರು ಮಾಡೋಣವೆಂದು ಹೊಸ ಫೋಲ್ಡರಿನಿಂದಲೇ ಶಟ್‌ಡೌನ್ ಆದೇಶ ಕೊಟ್ಟರೆ ಶುಲ್ಕದ ತಂತ್ರಾಂಶವೇ ಬಂದಾಯಿತು! ಮುಂದೆ ಹಾಸ್ಟೆಲಿನ ತಂತ್ರಾಂಶವೂ ಇದೇ ಯಂತ್ರಕ್ಕೆ ಬರಲಿದೆ. ದಾರಿ ತೋರಿಸಿ.
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಎರಡೂ ತೊಂದರೆಗಳ ಮೂಲ ಒಂದೇ. ಟಾಮ್‌ಕ್ಯಾಟ್ ಹಿಡಿಯುವುದು ಒಂದೇ ಪೋರ್ಟನ್ನಲ್ಲ (ಪೋರ್ಟ್ ಎಂದರೆ ಯಂತ್ರದೊಳಗಿನ ಒಂದೊಂದು ಸೇವೆಗೂ ಸಂಪರ್ಕ ಬರುವ ಅಂಕಿಯಿಟ್ಟ ದ್ವಾರ). ಬ್ರೌಸರಿಗೆ ಉತ್ತರಿಸಲು 8080 ಇರುವಂತೆ, ತನ್ನನ್ನು ನಿಲ್ಲಿಸುವ ಆದೇಶವನ್ನು ಕೇಳಿಸಿಕೊಳ್ಳಲು ಅದು 8005 ಅನ್ನೂ ತೆರೆದುಕೊಂಡಿರುತ್ತದೆ. ನೀವು ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಹಾಗೆಯೇ ಬಿಟ್ಟಿದ್ದೀರಿ. ಹೊಸ ಟಾಮ್‌ಕ್ಯಾಟ್ 8081ರಲ್ಲಿ ಸುಸೂತ್ರವಾಗಿ ಎದ್ದು, ಕೊನೆಯ ಹಂತದಲ್ಲಿ 8005 ಹಿಡಿಯಲು ಹೋಗಿ, ಅಲ್ಲಿ ಶುಲ್ಕದ ಟಾಮ್‌ಕ್ಯಾಟ್ ಆಗಲೇ ಕುಳಿತಿರುವುದನ್ನು ಕಂಡು ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಲಾಗ್ ಕಡತದ ಕೊನೆಯ ಸಾಲುಗಳಲ್ಲಿ 8005 ಎಂಬ ಅಂಕಿ ನಿಮಗೆ ಕಂಡೇ ಕಾಣುತ್ತದೆ.

ಇನ್ನು ಶಟ್‌ಡೌನ್ ಆದೇಶ. ಅದು ಮಾಡುವುದಿಷ್ಟೇ: ತನ್ನ ಫೋಲ್ಡರಿನ ಸಂರಚನಾ ಕಡತದಲ್ಲಿ ಬರೆದಿರುವ ಪೋರ್ಟಿಗೆ ಸಂಪರ್ಕಿಸಿ, 'ಶಟ್‌ಡೌನ್' ಎಂಬ ಪದವನ್ನು ಕಳಿಸುತ್ತದೆ. ಆ ಪೋರ್ಟಿನಲ್ಲಿ ಕೇಳುತ್ತಿರುವವರು ಯಾರೆಂದು ಅದು ವಿಚಾರಿಸುವುದಿಲ್ಲ. ನಿಮ್ಮ ಹೊಸ ಫೋಲ್ಡರಿನಿಂದ ಹೊರಟ ಆದೇಶ 8005ಕ್ಕೆ ಹೋಯಿತು, ಅಲ್ಲಿದ್ದ ಹಳೆಯದು ವಿಧೇಯತೆಯಿಂದ ಮಲಗಿತು. ಶುಲ್ಕ ಕಟ್ಟುವ ಕೊನೆಯ ದಿನ ಹೀಗಾಗಲಿಲ್ಲವೆಂದು ಸಮಾಧಾನಪಡಿ.

ಪೋರ್ಟ್‌ಗಳನ್ನು ಬಿಡಿಬಿಡಿಯಾಗಿ ತಿದ್ದುವುದಕ್ಕಿಂತ, ಪ್ರತಿ ತಂತ್ರಾಂಶಕ್ಕೆ ನೂರರ ಅಂತರವನ್ನು ಗೊತ್ತುಮಾಡಿಕೊಳ್ಳುವುದು ನನ್ನ ಅನುಭವದಲ್ಲಿ ಹೆಚ್ಚು ಕ್ಷೇಮ. ಶುಲ್ಕದ್ದು 8080 ಮತ್ತು 8005 ಆಗಿಯೇ ಇರಲಿ. ಗ್ರಂಥಾಲಯಕ್ಕೆ 8180 ಮತ್ತು 8105, ಹಾಸ್ಟೆಲಿಗೆ 8280 ಮತ್ತು 8205 ಕೊಡಿ. ಟಾಮ್‌ಕ್ಯಾಟ್‌ನ ಈಚಿನ ಆವೃತ್ತಿಗಳಲ್ಲಿ 'ಪೋರ್ಟ್ ಆಫ್‌ಸೆಟ್' ಎಂಬ ಸೌಲಭ್ಯವೇ ಇದ್ದು, ಒಂದೆಡೆ 100 ಎಂದು ಬರೆದರೆ ಎಲ್ಲ ಪೋರ್ಟ್‌ಗಳೂ ಒಟ್ಟಿಗೆ ಅಷ್ಟು ಮುಂದಕ್ಕೆ ಸರಿಯುತ್ತವೆ. ಕಡತದಲ್ಲಿ 8443 ಎಂಬ ಅಂಕಿಯನ್ನು ಕಂಡು ಗಾಬರಿಯಾಗಬೇಡಿ. ನೀವಾಗಿ ತೆರೆಯದ ಹೊರತು ಅದು ತೆರೆದ ಪೋರ್ಟಲ್ಲ, ಸುರಕ್ಷಿತ ಸಂಪರ್ಕ ಬೇಕಾದಾಗ ಬ್ರೌಸರನ್ನು ಎಲ್ಲಿಗೆ ಕಳಿಸಬೇಕೆಂಬ ಸೂಚನೆ ಮಾತ್ರ. ಆದರೆ ನಿಮ್ಮದು ಹಳೆಯ ಆವೃತ್ತಿಯಾಗಿದ್ದರೆ 8009ನ್ನು ಅವಶ್ಯ ನೋಡಿ. ಎದುರಿಗಿಟ್ಟ ವೆಬ್ ಸರ್ವರ್ ಟಾಮ್‌ಕ್ಯಾಟ್‌ನೊಡನೆ ಮಾತಾಡಲೆಂದಿರುವ ಎಜೆಪಿ ಎಂಬ ಆ ದ್ವಾರದಲ್ಲಿ 2020ರಲ್ಲಿ 'ಘೋಸ್ಟ್‌ಕ್ಯಾಟ್' ಎಂಬ ಗಂಭೀರ ಲೋಪ ಬಯಲಾಯಿತು, ಅದಾದ ಮೇಲಿನ ಆವೃತ್ತಿಗಳಲ್ಲಿ ಅದು ಮೊದಲಿನಿಂದಲೇ ಮುಚ್ಚಿರುತ್ತದೆ. ಬಳಸದಿದ್ದರೆ ಮುಚ್ಚಿಬಿಡಿ.

ಫೋಲ್ಡರನ್ನು ಪೂರ್ತಿ ನಕಲು ಮಾಡುವ ಅಗತ್ಯವೂ ಇರಲಿಲ್ಲ. ಟಾಮ್‌ಕ್ಯಾಟ್‌ನ ಮೂಲ ಕಡತಗಳು ಒಂದೇ ಕಡೆ ಇದ್ದು, ಸಂರಚನೆ, ಲಾಗ್, ತಂತ್ರಾಂಶಗಳ ಫೋಲ್ಡರುಗಳಷ್ಟೇ ಪ್ರತ್ಯೇಕವಾಗಿರುವಂತೆ 'ಕ್ಯಾಟಲಿನಾ ಬೇಸ್' ಎಂಬ ಚರಾಂಶದ ಮೂಲಕ ಏರ್ಪಡಿಸಬಹುದು. ಆವೃತ್ತಿ ನವೀಕರಿಸುವ ದಿನ ಮೂರು ಕಡೆ ಕೈಯಾಡಿಸುವ ಶ್ರಮ ಉಳಿಯುತ್ತದೆ. ಇನ್ನೊಂದು ಅನುಕೂಲವೂ ಇದೆ. ಯಾವ ಪೋರ್ಟ್ ಯಾರದೆಂದು ನೋಡಲು ರೂಟ್ (ಯಂತ್ರದ ಮುಖ್ಯ ನಿರ್ವಾಹಕ) ಅಧಿಕಾರದಲ್ಲಿ 'ಎಸ್‌ಎಸ್ -ಎಲ್‌ಟಿಎನ್‌ಪಿ' ಆದೇಶ ಕೊಟ್ಟರೆ ಮೂರರ ಮುಂದೆಯೂ 'ಜಾವಾ' ಎಂದೇ ಬರುತ್ತದೆ, ಪ್ರಕ್ರಿಯೆಯ ಸಂಖ್ಯೆ ಮಾತ್ರ ಬೇರೆ. ಆ ಸಂಖ್ಯೆ ಹಿಡಿದು 'ಪಿಎಸ್' ಆದೇಶದಲ್ಲಿ ನೋಡಿದರೆ, ಉದ್ದನೆಯ ಸಾಲಿನ ನಡುವೆ ಕ್ಯಾಟಲಿನಾ ಬೇಸ್‌ನ ವಿಳಾಸವಿದ್ದು, ಗ್ರಂಥಾಲಯದ್ದೋ ಹಾಸ್ಟೆಲಿನದ್ದೋ ಎಂಬುದನ್ನು ಅದೇ ಹೇಳುತ್ತದೆ.

ವಿದ್ಯಾರ್ಥಿಗಳಿಗೆ ಮಾತ್ರ 8180, 8280 ಎಂಬ ಅಂಕಿಗಳನ್ನು ಕೊಡಬೇಡಿ. ನೆನಪಿಡುವ ಕಷ್ಟ ಒಂದೆಡೆಯಿರಲಿ, ಲಾಗಿನ್ ಗುರುತನ್ನು ಇಟ್ಟುಕೊಳ್ಳುವ ಬ್ರೌಸರಿನ ಕುಕಿಗಳು ಪೋರ್ಟನ್ನು ಲೆಕ್ಕಿಸುವುದಿಲ್ಲ. ಒಂದೇ ವಿಳಾಸದ ಎರಡು ಪೋರ್ಟ್‌ಗಳಲ್ಲಿ, ಎರಡೂ ಮೂಲ ಪಥದಲ್ಲಿರುವ (ವಿಳಾಸದ ಮುಂದೆ ಬೇರೆ ಹೆಸರು ಸೇರದ) ತಂತ್ರಾಂಶಗಳಿದ್ದರೆ, ಗ್ರಂಥಾಲಯಕ್ಕೆ ಲಾಗಿನ್ ಆದೊಡನೆ ಶುಲ್ಕದ ಪುಟದಿಂದ ಹೊರಬಿದ್ದಿರುತ್ತೀರಿ. ಒಂದರ ಸೆಷನ್ ಕುಕಿಯ ಮೇಲೆ ಇನ್ನೊಂದರದ್ದು ಬರೆದಿರುತ್ತದೆ. ದೋಷ ತಂತ್ರಾಂಶದ್ದೆಂದು ತಿಳಿದು ವಾರಗಟ್ಟಲೆ ಹುಡುಕಿದವರನ್ನು ಕಂಡಿದ್ದೇನೆ, ಅವರಲ್ಲಿ ನಾನೂ ಒಬ್ಬ. ಆದ್ದರಿಂದ ಎದುರಿಗೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇಟ್ಟು, ಹೊರಗಿನವರೆಲ್ಲ ಸುರಕ್ಷಿತ ಸಂಪರ್ಕದ ಪೋರ್ಟಾದ 443ಕ್ಕೆ ಬರುವಂತೆ ಮಾಡಿ, ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ಉಪಡೊಮೇನ್ ಹೆಸರು ಕೊಟ್ಟು, ಹೆಸರನ್ನು ನೋಡಿ ಒಳಗಿನ ಪೋರ್ಟಿಗೆ ದಾಟಿಸಿ. ಮೂರೂ ಟಾಮ್‌ಕ್ಯಾಟ್‌ಗಳನ್ನು 127.0.0.1ಕ್ಕೆ, ಅಂದರೆ ಯಂತ್ರದ ಒಳವಿಳಾಸಕ್ಕೆ, ಮಾತ್ರ ಕಟ್ಟಿಹಾಕಿದರೆ ಹೊರಗಿನಿಂದ ನೇರವಾಗಿ ಯಾರೂ ಅವುಗಳನ್ನು ಮುಟ್ಟಲಾರರು.

ಪ್ರಶ್ನೆ: ನಮ್ಮ ಒಂದು ಸೇವೆಯನ್ನು ಯಾರೂ ಬಳಸದ ಅಂಕಿಯೆಂದು ಪೋರ್ಟ್ 40001ರಲ್ಲಿ ಇಟ್ಟಿದ್ದೇವೆ. ಅಪರೂಪಕ್ಕೊಮ್ಮೆ ಅದು ಶುರುವಾಗದೆ 'ವಿಳಾಸ ಬಳಕೆಯಲ್ಲಿದೆ' ಎನ್ನುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಶುರು ಮಾಡಿದರೆ ಸರಿಹೋಗುತ್ತದೆ. ಏಕೆ?
– ಇನ್ನೊಬ್ಬ ಓದುಗರು, ಬೆಳಗಾವಿ

ಉತ್ತರ: ಲಿನಕ್ಸ್ ತಾನು ಹೊರಗೆ ಮಾಡುವ ಸಂಪರ್ಕಗಳಿಗೆ ಸಾಮಾನ್ಯವಾಗಿ 32768ರಿಂದ 60999ರವರೆಗಿನ ಪೋರ್ಟ್‌ಗಳನ್ನು ತಾತ್ಕಾಲಿಕವಾಗಿ ಎತ್ತಿಕೊಳ್ಳುತ್ತದೆ. ನಿಮ್ಮ ಸೇವೆ ನಿಂತಿದ್ದ ಹೊತ್ತಿನಲ್ಲಿ, ಡೇಟಾಬೇಸಿಗೆ ಹೊರಟ ಯಾವುದೋ ಸಂಪರ್ಕಕ್ಕೆ 40001 ಸಿಕ್ಕಿರುತ್ತದೆ. 32768ಕ್ಕಿಂತ ಕೆಳಗಿನ, ಆದರೆ 1024ಕ್ಕಿಂತ ಮೇಲಿನ (ಅದಕ್ಕೂ ಕೆಳಗಿನವು ರೂಟ್ ಅಧಿಕಾರ ಬೇಡುತ್ತವೆ) ಅಂಕಿಯೊಂದಕ್ಕೆ ಸೇವೆಯನ್ನು ಸರಿಸಿ. ಸರಿಸಲಾಗದಿದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕಾಯ್ದಿರಿಸಿದ ಪೋರ್ಟ್‌ಗಳ ಪಟ್ಟಿಗೆ 40001ನ್ನು ಸೇರಿಸಿ.