ಕಷಾಯವನ್ನು ಡಾಕ್ಟರಿಂದ ಯಾಕೆ ಬಚ್ಚಿಟ್ಟಿರಿ?

ಶಿರಸಿ ಕಡೆಯ ಓದುಗರೊಬ್ಬರ ಪತ್ರ ಈ ಸಲ ನನ್ನ ಮೇಜಿನ ಮೇಲೇ ಉಳಿದುಬಿಟ್ಟಿತು. ಅವರ ಮಾವನಿಗೆ ಫ್ಲೂ ಬಂದಿತ್ತು. ಡಾಕ್ಟರ್ ಮಾತ್ರೆ ಬರೆದುಕೊಟ್ಟರು. ಇವರು ಅದರ ಜೊತೆಗೆ ಆಡುಸೋಗೆ, ಅಮೃತಬಳ್ಳಿ, ಹಿಪ್ಪಲಿ ಹಾಕಿ ಕಷಾಯ ಕುದಿಸಿ ದಿನಕ್ಕೆರಡು ಹೊತ್ತು ಕೊಟ್ಟರು. ಆರನೇ ದಿನ ಮಾವ ಎದ್ದು ತೋಟಕ್ಕೆ ಹೋದರಂತೆ. ಕಷಾಯದ ವಿಷಯ ಡಾಕ್ಟರಿಗೆ ಹೇಳಲಿಲ್ಲ, ‘ಬೈತಾರೆ ಅಂತ ಭಯ.’ ಈಗ ಎಂಜಿನಿಯರಿಂಗ್ ಓದುವ ಮಗ ‘ಇದೆಲ್ಲ ಮೂಢನಂಬಿಕೆ ಅಮ್ಮಾ’ ಅಂತಾನೆ, ಯಾರು ಸರಿ ಹೇಳಿ ಎಂದು ಕೇಳಿದ್ದಾರೆ. ಮಾವನಿಗೆ ಕಷಾಯ ರೂಢಿಯಾಗಿಬಿಟ್ಟಿದೆಯಂತೆ, ಇನ್ನೆಷ್ಟು ದಿನ ಕೊಡಬಹುದು ಅನ್ನೋದು ಕೊನೆಯ ಸಾಲು.

ಅಕ್ಕಾ, ಮೊದಲು ಮಗನ ಪಾಲು ಕೊಟ್ಟುಬಿಡೋಣ. ಫ್ಲೂ ಬಹಳಷ್ಟು ಜನರಿಗೆ ವಾರದೊಳಗೆ ತಾನಾಗೇ ಇಳಿಯುತ್ತದೆ. ಮಾವ ಎದ್ದದ್ದು ಕಷಾಯದಿಂದಲೇ ಅಂತ ಹೇಳೋಕೆ ಬರಲ್ಲ. ಹುಡುಗ ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ತಲೆಯಾಡಿಸುತ್ತಿದ್ದೆ. ಮೂಢನಂಬಿಕೆ ಅಂದನಲ್ಲ, ಅಲ್ಲಿ ನನಗೆ ತಕರಾರಿದೆ.

ಮನೆಯಲ್ಲಿರುವ ಕೆಮ್ಮಿನ ಸಿರಪ್ ಬಾಟಲಿ ತಿರುಗಿಸಿ ಓದು ಅಂತ ಅವನಿಗೆ ಹೇಳಿ. ಬ್ರೋಮ್‌ಹೆಕ್ಸಿನ್ ಅಂತಲೋ ಆಂಬ್ರಾಕ್ಸಾಲ್ ಅಂತಲೋ ಸಣ್ಣ ಅಕ್ಷರದಲ್ಲಿ ಇದ್ದೀತು. ಕಫ ತೆಳು ಮಾಡುವ ಈ ಎರಡರ ಬೇರು ಹುಡುಕುತ್ತಾ ಹೋದರೆ ನಿಮ್ಮ ಬೇಲಿಯ ಆಡುಸೋಗೆಗೇ ಬಂದು ನಿಲ್ಲುತ್ತೀರಿ. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿಟ್ಟುಕೊಂಡು ಬ್ರೋಮ್‌ಹೆಕ್ಸಿನ್ ತಯಾರಿಸಿದರು, ಅದು ಮೈಯೊಳಗೆ ಹೋಗಿ ಆಗುವುದೇ ಆಂಬ್ರಾಕ್ಸಾಲ್. ಸರ್ಪಗಂಧಿಯದೂ ಇದೇ ಕಥೆ. ಅದು ಬಿಪಿ ಇಳಿಸುತ್ತದೆ ಅಂತ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ನಮ್ಮ ವೈದ್ಯರು 1931ರಲ್ಲೇ ಬರೆದರು. ಹೊರಗಿನವರು ಕಿವಿಗೊಟ್ಟಿದ್ದು ಮುಂಬೈಯ ಡಾ. ರುಸ್ತಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಬರೆದ ಮೇಲೆ. ನಮ್ಮ ಹಿತ್ತಲ ಗಿಡ ಮದ್ದಾಗಬೇಕಾದರೆ ಹಡಗು ಹತ್ತಿ ಬರಬೇಕು ನೋಡಿ.

ನಮ್ಮ ಅಜ್ಜಿ ಎಳೆ ದೊಡ್ಡಪತ್ರೆ ಎಲೆಯನ್ನು ಕೆಂಡದ ಮೇಲೆ ಹಿಡಿಯುತ್ತಿದ್ದಳು. ಎಲೆ ಚುರ್ರೆಂದು ಬಾಡಿ, ಅಂಚು ಸ್ವಲ್ಪ ಕಪ್ಪಾಗಿ, ಬೆವರಿದಂತೆ ನೀರು ಬಿಡುತ್ತಿತ್ತು. ಬೊಗಸೆಯಲ್ಲಿ ಹಾಕಿ ಹಿಂಡಿದರೆ ನಾಲ್ಕೈದು ಹನಿ. ಅದಕ್ಕೆ ಜೇನು ಬೆರೆಸಿ ನಾಲಿಗೆಗೆ ಸವರಿದರೆ ಗಂಟಲ ತುರಿಕೆ ನಿಂತು ಅಂತೂ ನಿದ್ದೆ ಬರುತ್ತಿತ್ತು. ವೈರಸ್ ಸತ್ತಿತೋ ಇಲ್ಲವೋ ಅಜ್ಜಿ ಕೇಳಲಿಲ್ಲ. ಅದೇ ಅಜ್ಜಿ, ನನ್ನ ತಮ್ಮನಿಗೆ ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋಗೋದು ಕಂಡ ಕೂಡಲೇ ಒಲೆ ಬಿಟ್ಟು ‘ಗಾಡಿ ಕಟ್ಟಿ, ಆಸ್ಪತ್ರೆಗೆ’ ಅಂದಿದ್ದಳು. ಯಾವುದು ಕಷಾಯದ ಕೆಲಸ, ಯಾವುದು ಅಲ್ಲ ಅಂತ ಅವಳಿಗೆ ಗೊತ್ತಿತ್ತು.

ಈಗ ನಿಮ್ಮನ್ನು ಸ್ವಲ್ಪ ಬೈಯಬೇಕು, ಬೇಜಾರು ಮಾಡಿಕೋಬೇಡಿ. ಕುಡಿಸಿದ್ದಕ್ಕೆ ಬೈತಿಲ್ಲ, ಮುಚ್ಚಿಟ್ಟಿದ್ದಕ್ಕೆ. ಹಿಪ್ಪಲಿಯಲ್ಲೂ ಕಾಳುಮೆಣಸಿನಲ್ಲೂ ಇರುವ ಪಿಪೆರಿನ್ ಬೇರೆ ಕೆಲವು ಮಾತ್ರೆಗಳು ರಕ್ತಕ್ಕೆ ಸೇರುವ ಪ್ರಮಾಣವನ್ನೇ ಬದಲಿಸುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟೊಯಿನ್ ಅಂಥದ್ದೊಂದು. ಬಸುರಿಯರಿಗೆ ಆಡುಸೋಗೆ ಬೇಡ ಅನ್ನೋದಕ್ಕೂ ಕಾರಣ ಇದೆ, ಅದು ಗರ್ಭಕೋಶವನ್ನು ಹಿಂಡುತ್ತದೆ. ನನ್ನ ಚಿಕ್ಕಪ್ಪ ಗಂಟಲಿಗೆ ಒಳ್ಳೇದು ಅಂತ ತಿಂಗಳುಗಟ್ಟಲೆ ಅತಿಮಧುರ ಕುಡಿದರು, ಬಿಪಿ ಮಾತ್ರೆ ಎಷ್ಟು ಏರಿಸಿದರೂ ಬಿಪಿ ಇಳಿಯಲಿಲ್ಲ. ಅತಿಮಧುರ ಜಾಸ್ತಿಯಾದರೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ ಅಂತ ಗೊತ್ತಿದ್ದ ಡಾಕ್ಟರೊಬ್ಬರು ‘ಮನೆಯಲ್ಲಿ ಇನ್ನೇನು ಕುಡೀತೀರಿ?’ ಅಂತ ಕೇಳೋವರೆಗೂ ಚಿಕ್ಕಪ್ಪ ಬಾಯಿ ಬಿಟ್ಟಿರಲಿಲ್ಲ.

ಬಾಯಿ ಬಿಡದ್ದಕ್ಕೆ ಅವರನ್ನೊಬ್ಬರನ್ನೇ ದೂರಲಾರೆ. ಕಷಾಯ ಅಂದ ತಕ್ಷಣ ಮುಖ ಸಿಂಡರಿಸುವ ಡಾಕ್ಟರುಗಳನ್ನು ನಾನೂ ನೋಡಿದ್ದೇನೆ. ಅವರು ನಕ್ಕ ಮೇಲೆ ರೋಗಿ ಕುಡಿಯೋದನ್ನು ಬಿಡಲ್ಲ, ಹೇಳೋದನ್ನು ಬಿಡ್ತಾನೆ.

ಈ ಕಡೆ, ಆಯುರ್ವೇದದವರೂ ಕಡಿಮೆಯಿಲ್ಲ. ಆಯುಷ್-64 ಅನ್ನೋ ಮಾತ್ರೆ ಮೊದಲು ತಯಾರಾಗಿದ್ದು ಮಲೇರಿಯಾಕ್ಕೆ. ಸಪ್ತಪರ್ಣಿ, ಕಟುಕಿ, ಕಿರಾತಕಡ್ಡಿ, ಗಜ್ಜುಗ ಅದರಲ್ಲಿವೆ. 2021ರ ಏಪ್ರಿಲ್‌ನಲ್ಲಿ, ಎರಡನೇ ಅಲೆಯ ನಡುವೆ, ಸೌಮ್ಯ ಮತ್ತು ಮಧ್ಯಮ ಕೋವಿಡ್‌ಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಕೊಡಬಹುದು ಅಂತ ಆಯುಷ್ ಸಚಿವಾಲಯ ಹೇಳಿತು. ‘ಜೊತೆಗೆ’ ಅನ್ನೋ ಆ ಮಾತು ನನಗೆ ಇಷ್ಟ. ಆದರೆ ಅಂಥ ಮದ್ದುಗಳ ಎಷ್ಟೋ ಪ್ರಯೋಗಗಳಲ್ಲಿ ರೋಗಿಗಳ ಸಂಖ್ಯೆ ಚಿಕ್ಕದು, ಯಾರಿಗೆ ಮದ್ದು ಕೊಟ್ಟಿದ್ದೇವೆ ಅಂತ ರೋಗಿಗೂ ಗೊತ್ತು, ವೈದ್ಯರಿಗೂ ಗೊತ್ತು. ಎರಡು ದಿನ ಮೊದಲೇ ಜ್ವರ ಬಿಟ್ಟಿತು ಅಂದರೆ ನಂಬೋದು ಹೇಗೆ? ನಿಜ, ಹೋಲಿಸಿ ನೋಡೋಕೆ ಅದೇ ಕಹಿ, ಅದೇ ವಾಸನೆ ಇದ್ದು ಮದ್ದಿಲ್ಲದ ಸುಳ್ಳು ಕಷಾಯ ಮಾಡೋದು ಸುಲಭವಲ್ಲ. ಮಾತ್ರೆಗೆ ಆ ನೆಪವೂ ಇಲ್ಲ.

ಇನ್ನು ಅಮೃತಬಳ್ಳಿ. ಅದನ್ನು ತೆಗೆದುಕೊಳ್ಳುತ್ತಿದ್ದ ಆರು ಜನರ ಲಿವರ್ ಕೆಟ್ಟ ವಿಷಯವನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಅದು ಅಮೃತಬಳ್ಳಿಯೇ ಅಂತ ಪರೀಕ್ಷಿಸಿಲ್ಲ, ಅದೇ ಕುಲದ ಬೇರೆ ಬಳ್ಳಿ ಇರಬಹುದು ಅಂತ ಸಚಿವಾಲಯ ಆಕ್ಷೇಪಿಸಿತು. ಇರಲಿ, ಒಪ್ಪೋಣ. ಹಾಗಾದರೆ ಅಂಗಡಿಯಲ್ಲಿ ಪುಡಿ ಕೊಳ್ಳುವ ನಾವು ಯಾವ ಬಳ್ಳಿ ಅಂತ ಹೇಗೆ ತಿಳಿಯೋದು? ಡಬ್ಬಿಯ ಮೇಲೆ ಋಷಿಯ ಚಿತ್ರ ದೊಡ್ಡದಾಗಿರುತ್ತದೆ, ಪ್ರಮಾಣ ಓದೋಕೆ ಭೂತಗನ್ನಡಿ ಬೇಕು. ಪವಾಡದ ಮದ್ದಿನ ಜಾಹೀರಾತು ತಡೆಯೋಕೆ 1954ರಿಂದಲೇ ಕಾನೂನಿದೆ. ಬೆಳಗ್ಗೆ ಟಿವಿ ಹಾಕಿದರೆ ಇದೆ ಅಂತ ಅನ್ನಿಸುತ್ತಾ? ಅಜ್ಜಿಯ ನಾಲ್ಕು ಹನಿಗೆ ಕೆಟ್ಟ ಹೆಸರು ಬಂದಿದ್ದು ಇವರಿಂದ.

ಮಾವನ ವಿಷಯಕ್ಕೆ ಬರ್ತೀನಿ. ಜ್ವರ ಹೋದ ಮೇಲೆ ಆ ಕಷಾಯ ಯಾಕೆ ಅಕ್ಕಾ? ಮೊದಲು ನಿಲ್ಲಿಸಿ. ರೂಢಿ ಬಿಡೋಕೆ ಆಗಲ್ಲ ಅಂದರೆ ಜೀರಿಗೆ, ಕೊತ್ತಂಬರಿ, ಬೆಲ್ಲದ್ದು ಮಾಡಿಕೊಡಿ. ಮತ್ತೆ ಜ್ವರ ಬಂದು ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮಾತು ತೊದಲಿದರೆ ಒಲೆ ಹಚ್ಚಬೇಡಿ, ಆಸ್ಪತ್ರೆಗೆ ಹೊರಡಿ. ಸುಮ್ನೆ ನೆಗಡಿ ಜ್ವರವಾದರೆ ಕಷಾಯದ ಪೊಟ್ಟಣ ಕೈಯಲ್ಲಿ ಹಿಡಿದು ಅದೇ ಡಾಕ್ಟರ ಹತ್ತಿರ ಹೋಗಿ ಮೇಜಿನ ಮೇಲಿಡಿ, ಮಾವನ ಬೇರೆ ಮಾತ್ರೆಗಳನ್ನೂ ಪಕ್ಕದಲ್ಲಿಡಿ. ಗದರಿದರೆ ನನಗೆ ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಹಾಕ್ತೀನಿ.