ಪೋರ್ಟ್ ಬಂದು ಮಾಯವಾಗುವುದಕ್ಕೆ ಕೇಬಲ್ ಕಾರಣವಲ್ಲ

ಉಬುಂಟು 22.04ರಲ್ಲಿ ಸಿಎಚ್340 ಚಿಪ್ (ಯುಎಸ್‌ಬಿಯನ್ನು ಸೀರಿಯಲ್ ಪೋರ್ಟ್ ಮಾಡುವ ಚಿಪ್) ಇರುವ ಆರ್ಡುಯಿನೋ ನ್ಯಾನೋ ಬೋರ್ಡ್ ಸಿಕ್ಕಿಸಿದರೆ, ಅದರ ಜೊತೆ ಮಾತಾಡುವ ಸೀರಿಯಲ್ ಪೋರ್ಟ್ ಒಂದು ಕ್ಷಣ ಕಾಣಿಸಿ ಮಾಯವಾಗುತ್ತದೆ ಅಂದಿರಿ, ಅಲ್ವಾ? ಒಂದು ಕ್ಷಣ ಕಾಣಿಸಿದೆ ಅಂದರೆ ಕೇಬಲ್‌ನಲ್ಲಿ ಡೇಟಾ ತಂತಿ ಇದೆ. ಸುಮ್ನೆ ಹೊಸದು ಕೊಳ್ಳಬೇಡಿ. ಬ್ರೈಲ್ ಡಿಸ್‌ಪ್ಲೇ ನಡೆಸುವ ಬಿಆರ್‌ಎಲ್‌ಟಿಟಿವೈ ಅನ್ನುವ ಪ್ರೋಗ್ರಾಂ ಈ ಚಿಪ್‌ನ 1ಎ86:7523 ಐಡಿ ನೋಡಿ, ತನ್ನದೇ ಸಾಧನ ಅಂದುಕೊಂಡು ಪೋರ್ಟ್ ಕಿತ್ತುಕೊಳ್ಳುತ್ತದೆ. ಬೋರ್ಡ್ ಸಿಕ್ಕಿಸಿದ ಕೂಡಲೇ ಕರ್ನಲ್ ಲಾಗ್ (ಸಿಸ್ಟಂ ಬರೆದಿಡುವ ಸಂದೇಶಗಳು, dmesg ಆಜ್ಞೆಯಲ್ಲಿ ಕಾಣುತ್ತವೆ) ನೋಡಿ. ಟಿಟಿವೈಯುಎಸ್‌ಬಿ0 (ಆ ಪೋರ್ಟ್‌ನ ಹೆಸರು) ಸಿಕ್ಕಿತು ಅನ್ನುವ ಸಾಲಿನ ಬೆನ್ನಿಗೇ ಆ ಪ್ರೋಗ್ರಾಂ ಹೆಸರು, ಸಂಪರ್ಕ ಕಡಿದ ಸಾಲು ಎರಡೂ ಇರುತ್ತವೆ.

ಆ ಕಂಪ್ಯೂಟರ್‌ನಲ್ಲಿ ಬ್ರೈಲ್ ಡಿಸ್‌ಪ್ಲೇ ಬಳಸುವವರು ಯಾರೂ ಇಲ್ಲದಿದ್ದರೆ ಮಾತ್ರ ಆ ಪ್ಯಾಕೇಜ್ ತೆಗೆದುಹಾಕಿ. ಇದ್ದರೆ, ಅದರ ಯುಡೆವ್ ಫೈಲ್‌ನಲ್ಲಿ (ಸಾಧನ ಸಿಕ್ಕಿಸಿದಾಗ ಏನು ಮಾಡಬೇಕು ಅನ್ನುವ ನಿಯಮಗಳ ಫೈಲ್) ಈ ಐಡಿಯ ಸಾಲಿನ ಮುಂದಷ್ಟೇ # ಹಾಕಿ ಕಾಮೆಂಟ್ ಮಾಡಿ. ಬೋರ್ಡ್‌ನ ಕೇಬಲ್ ಕಳಚಿ ಮತ್ತೆ ಸಿಕ್ಕಿಸಿ. ಆಮೇಲೂ ಪರ್ಮಿಷನ್ ಇಲ್ಲ ಅಂದರೆ ನಿಮ್ಮ ಯೂಸರ್ ಹೆಸರನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವ ಡಯಲ್‌ಔಟ್ ಗ್ರೂಪ್‌ಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ.